ಪಿತ್ತಕೋಶ ಮತ್ತು ಪಿತ್ತನಾಳದ ಕ್ಯಾನ್ಸರ್: ಆಸ್ಪತ್ರೆಯ ಹೊರೆ, ಮನೆಯ ಹೊರೆ

ಈ ವಿಭಾಗದಲ್ಲಿ ನಾವು ಸಾಮಾನ್ಯವಾಗಿ ಮನೆಮನೆಯಲ್ಲೂ ಕಾಣುವ ವ್ಯಾಧಿಗಳನ್ನು ಕುರಿತು ಬರೆಯುತ್ತೇವೆ: ಮಧುಮೇಹ, ರಕ್ತದೊತ್ತಡ, ಮಂಡಿನೋವು. ಈ ಸಂಚಿಕೆಗೆ ಆರಿಸಿಕೊಂಡಿರುವ ವ್ಯಾಧಿ ಅಂಥದಲ್ಲ. ಪಿತ್ತಕೋಶ ಹಾಗೂ ಪಿತ್ತನಾಳಗಳ ಕ್ಯಾನ್ಸರ್ ನಮ್ಮ ನಾಡಿನಲ್ಲಿ ವಿರಳವೇ. ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರುಗಳ ಪಕ್ಕದಲ್ಲಿಟ್ಟು ನೋಡಿದರೆ ಇದರ ಸಂಖ್ಯೆ ಬಹಳ ಚಿಕ್ಕದು. ಆದರೂ ಈ ವ್ಯಾಧಿಗೆ ತುತ್ತಾದ ಒಬ್ಬ ರೋಗಿ ಆಸ್ಪತ್ರೆಯ ಹಾಸಿಗೆಯಲ್ಲಿ ಕಳೆಯುವ ದಿನಗಳು, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯುವ ಅಲೆದಾಟ, ಮನೆಯವರು ಕೆಲಸ ಬಿಟ್ಟು ಕಾಯುವ ಕಾಲ ಇವೆಲ್ಲವನ್ನೂ ಕೂಡಿಸಿದರೆ ಹೊರೆ ಚಿಕ್ಕದೆನ್ನಲು ಮನಸ್ಸೊಪ್ಪುವುದಿಲ್ಲ. ಆ ಹೊರೆಯಲ್ಲಿ ಒಂದಷ್ಟು ಪಾಲು ವ್ಯಾಧಿಯದಲ್ಲ, ವಿಳಂಬದ್ದು. ವಿಳಂಬ ಎಲ್ಲೆಲ್ಲಿ ಆಗುತ್ತದೆ ಎಂಬುದನ್ನು ತಿಳಿಯುವುದೇ ಈ ಪಾಠದ ಉದ್ದೇಶ.

ಮೊದಲು ಅಂಗದ ಪರಿಚಯ. ನಮ್ಮ ಯಕೃತ್ತು ದಿನವೊಂದಕ್ಕೆ ಸುಮಾರು 600ರಿಂದ 1000 ಮಿಲಿಲೀಟರಿನಷ್ಟು ಪಿತ್ತರಸವನ್ನು ಸ್ರವಿಸುತ್ತದೆ. ಎಲೆಯ ನರಗಳೆಲ್ಲ ಕೂಡಿ ತೊಟ್ಟನ್ನು ಸೇರುವಂತೆ ಯಕೃತ್ತಿನೊಳಗಿನ ಸೂಕ್ಷ್ಮ ನಾಳಗಳು ಕೂಡುತ್ತ ಎಡ ಮತ್ತು ಬಲ ನಾಳಗಳಾಗುತ್ತವೆ; ಅವೆರಡೂ ಯಕೃತ್ತಿನ ಹೊಸ್ತಿಲಲ್ಲಿ ಒಂದಾಗಿ, ಪೆನ್ಸಿಲಿಗಿಂತಲೂ ತೆಳುವಾದ ಒಂದೇ ನಾಳವಾಗಿ, ಮೇದೋಜೀರಕ ಗ್ರಂಥಿಯ ತಲೆಯ ಭಾಗವನ್ನು ಹಾದು ಚಿಕ್ಕ ಕರುಳಿಗೆ ಇಳಿಯುತ್ತದೆ. ಈ ದಾರಿಯ ಮಗ್ಗುಲಲ್ಲಿ ತೂಗುವ ಪುಟ್ಟ ಚೀಲವೇ ಪಿತ್ತಕೋಶ. ಅದರ ಉದ್ದ 7ರಿಂದ 10 ಸೆಂಟಿಮೀಟರ್, ಅದು ಹಿಡಿಯುವುದು 30ರಿಂದ 50 ಮಿಲಿಲೀಟರ್ ಮಾತ್ರ. ಜಿಡ್ಡಿನ ಆಹಾರ ಕರುಳಿಗೆ ಇಳಿದಾಗ ಚೀಲ ಸಂಕುಚಿಸಿ, ಸಾಂದ್ರಗೊಂಡ ಪಿತ್ತವನ್ನು ಹೊರಹಾಕುತ್ತದೆ.

ಈ ರಚನೆಯಲ್ಲೇ ವ್ಯಾಧಿಯ ಗುಟ್ಟು ಅಡಗಿದೆ. ನಾಳ ಅತಿ ಕಿರಿದಾದುದರಿಂದ ಅದರೊಳಗೆ ಅಥವಾ ಅದರ ಪಕ್ಕದಲ್ಲಿ ಬೆಳೆದ ಸಣ್ಣ ಗಡ್ಡೆಯೂ ದಾರಿಯನ್ನು ಮುಚ್ಚುತ್ತದೆ. ಪಿತ್ತಕೋಶದ ಕಥೆ ಇದಕ್ಕೆ ವಿರುದ್ಧ. ಅದು ಬದಿಯಲ್ಲಿರುವ ಚೀಲ. ಅದರೊಳಗೆ ಗಡ್ಡೆ ಬೆಳೆದರೂ ಹೆದ್ದಾರಿ ತೆರೆದೇ ಇರುತ್ತದೆ, ಬಹುಕಾಲ ಯಾವ ಸೂಚನೆಯೂ ಹೊರಗೆ ಕಾಣುವುದಿಲ್ಲ. ಅದರ ಗೋಡೆಯೂ ತೆಳು. ಜಠರ ಮತ್ತು ಕರುಳಿನ ಗೋಡೆಯಲ್ಲಿರುವ ಒಂದು ಒಳಪದರ ಪಿತ್ತಕೋಶಕ್ಕೆ ಇಲ್ಲ. ಯಕೃತ್ತಿಗೆ ಅಂಟಿಕೊಂಡ ಬದಿಯಲ್ಲಿ ಹೊರಹೊದಿಕೆಯೂ ಇಲ್ಲ. ಹೀಗಾಗಿ ಕ್ಯಾನ್ಸರ್ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಯಕೃತ್ತನ್ನು ಪ್ರವೇಶಿಸಿರುತ್ತದೆ.

ಎಣಿಕೆಯ ಮಾತು

2022ನೇ ಸಾಲಿನ ಜಾಗತಿಕ ಅಂದಾಜಿನಂತೆ ವಿಶ್ವದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 1.22 ಲಕ್ಷ ಜನರಲ್ಲಿ ಪಿತ್ತಕೋಶದ ಕ್ಯಾನ್ಸರ್ ಹೊಸದಾಗಿ ಕಂಡಿತು; ಅದೇ ವರ್ಷ ಸುಮಾರು 89 ಸಾವಿರ ಜನ ಅದರಿಂದ ಮರಣ ಹೊಂದಿದರು. ಈ ಎರಡು ಸಂಖ್ಯೆಗಳು ಇಷ್ಟು ಹತ್ತಿರವಿರುವುದೇ ವ್ಯಾಧಿಯ ಸ್ವಭಾವವನ್ನು ಹೇಳುತ್ತದೆ. ಸ್ತ್ರೀಯರಲ್ಲಿ ಇದು ಪುರುಷರಿಗಿಂತ ಎರಡು ಮೂರು ಪಟ್ಟು ಅಧಿಕ. ದಕ್ಷಿಣ ಅಮೆರಿಕದ ಚಿಲಿ ದೇಶವನ್ನೂ ನಮ್ಮ ಗಂಗಾ ಬಯಲನ್ನೂ ಈ ವ್ಯಾಧಿ ವಿಶೇಷವಾಗಿ ಕಾಡಿದೆ. ದೆಹಲಿ, ಉತ್ತರಪ್ರದೇಶ, ಬಿಹಾರ, ಬಂಗಾಳಗಳಿಂದ ಹಿಡಿದು ಅಸ್ಸಾಮಿನ ಕಾಮರೂಪದವರೆಗೆ ಇದು ಹೆಚ್ಚು. ವಿಂಧ್ಯದಿಂದ ದಕ್ಷಿಣಕ್ಕೆ ಬಂದಂತೆ ಇಳಿಮುಖ. ಕಾರಣವಿದೇ ಎಂದು ಬೆರಳಿಟ್ಟು ತೋರಿಸಲಾಗಿಲ್ಲ. ಪಿತ್ತಕೋಶದ ಕಲ್ಲು, ದೀರ್ಘಕಾಲ ಉಳಿದ ಟೈಫಾಯ್ಡ್ ಸೋಂಕು, ನೀರು ಮಣ್ಣಿನಲ್ಲಿರುವ ಭಾರಲೋಹಗಳು, ದತ್ತೂರಿ ಬೀಜದೆಣ್ಣೆ ಬೆರೆತ ಸಾಸಿವೆ ಎಣ್ಣೆ ಇವೆಲ್ಲ ಸಂಶಯದ ಪಟ್ಟಿಯಲ್ಲಿವೆ.

ಪಿತ್ತನಾಳದ ಕ್ಯಾನ್ಸರಿನ ವಿಷಯದಲ್ಲಿ ಕಾರಣ ಇಷ್ಟು ಮಬ್ಬಾಗಿಲ್ಲ; ಕನಿಷ್ಠ ಒಂದು ದೇಶದಲ್ಲಂತೂ ಅದು ಸ್ಪಷ್ಟ. ಥಾಯ್ಲೆಂಡಿನ ಈಶಾನ್ಯ ಸೀಮೆಯಲ್ಲಿ ಹೊಳೆಯ ಮೀನನ್ನು ಹಸಿಯಾಗಿ ತಿನ್ನುವ ರೂಢಿಯಿದೆ. ಅದರೊಡನೆ ಒಳಸೇರುವ ಹುಳು ಪಿತ್ತನಾಳದಲ್ಲಿ ವರ್ಷಗಟ್ಟಲೆ ಬೀಡುಬಿಟ್ಟು ಕ್ಯಾನ್ಸರಿಗೆ ದಾರಿಮಾಡುತ್ತದೆ. ನಮ್ಮಲ್ಲಿ ಆ ರೂಢಿ ಇಲ್ಲ.

ಇನ್ನು ನಮ್ಮ ಊರು. ಬೆಂಗಳೂರಿನ ಕ್ಯಾನ್ಸರ್ ನೋಂದಣಿ 1982ರಲ್ಲಿ, ಮುಂಬಯಿ ಮತ್ತು ಚೆನ್ನೈಗಳ ಜೊತೆಗೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಯೋಜನೆಯಡಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಆರಂಭವಾಯಿತು. ಇಂದು ದೇಶದ ನಾನಾ ನೋಂದಣಿಗಳ ಲೆಕ್ಕವೆಲ್ಲ ಬಂದು ಸೇರುವ ರಾಷ್ಟ್ರೀಯ ಕೇಂದ್ರ ಇರುವುದು ಬಳ್ಳಾರಿ ರಸ್ತೆಯಲ್ಲಿ, ವಿಮಾನನಿಲ್ದಾಣದ ತಿರುವಿನ ಪಕ್ಕದ ಪೂಜನಹಳ್ಳಿಯಲ್ಲಿ. ತಣಿಸಂದ್ರದವರು ವಿಮಾನ ಹತ್ತಲು ಹೋಗುವಾಗ ಅದರ ಮಗ್ಗುಲಲ್ಲೇ ಹಾದುಹೋಗುತ್ತಾರೆ.

ಈ ಲೆಕ್ಕದಲ್ಲಿ ಎರಡು ಬಗೆಯಿದೆ. ಒಂದು ಜನಸಂಖ್ಯೆಯಾಧಾರಿತ ನೋಂದಣಿ: ಗೊತ್ತಾದ ಪ್ರದೇಶದಲ್ಲಿ ಕನಿಷ್ಠ ಒಂದು ವರ್ಷ ವಾಸವಿದ್ದವರನ್ನು ಮಾತ್ರ ಅದು ಎಣಿಸುತ್ತದೆ. ಇನ್ನೊಂದು ಆಸ್ಪತ್ರೆಯಾಧಾರಿತ ನೋಂದಣಿ: ರೋಗಿ ಎಲ್ಲಿಂದಲೇ ಬರಲಿ, ಆ ಆಸ್ಪತ್ರೆಯ ಬಾಗಿಲಿಗೆ ಬಂದವರೆಲ್ಲ ಅದರಲ್ಲಿ ಸೇರುತ್ತಾರೆ. ಮೊದಲನೆಯದು ಊರಿನ ಅಪಾಯವನ್ನು ಹೇಳುತ್ತದೆ, ಎರಡನೆಯದು ಆಸ್ಪತ್ರೆಯ ಹೊರೆಯನ್ನು. ತಣಿಸಂದ್ರದಂಥ ಸ್ಥಳದಲ್ಲಿ ಈ ಭೇದ ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಒಂದು ಕಾಲಕ್ಕೆ ಕೆರೆಯಂಚಿನ ಹಳ್ಳಿಯಾಗಿದ್ದ ಇಲ್ಲಿ ಈಗ ನಾಗವಾರದ ಮಾನ್ಯತಾ ಪಾರ್ಕಿನಿಂದ ಹೆಗಡೆನಗರದ ಆಚೆಯವರೆಗೆ ಕಟ್ಟಡಗಳು ಏಳುತ್ತಲೇ ಇವೆ. ಅವನ್ನು ಕಟ್ಟುವವರಲ್ಲಿ, ಕಾವಲು ಕಾಯುವವರಲ್ಲಿ, ಮನೆಗೆಲಸದವರಲ್ಲಿ ಬಿಹಾರ, ಬಂಗಾಳ, ಅಸ್ಸಾಮಿನವರು ಅನೇಕರು. ಗಂಗಾ ಬಯಲಿನ ವ್ಯಾಧಿ ರೈಲು ಹತ್ತಿ ನಮ್ಮ ನೆರೆಗೆ ಬರಬಲ್ಲದು. ಅದನ್ನು ಮೊದಲು ಕಾಣುವುದು ಹೆಬ್ಬಾಳ, ಯಲಹಂಕ, ನಾಗವಾರಗಳ ಆಸ್ಪತ್ರೆಗಳು. ಆದುದರಿಂದ ‘ನಮ್ಮ ಕಡೆ ಈ ಕಾಯಿಲೆ ಇಲ್ಲ’ ಎಂಬ ಮಾತನ್ನು ವೈದ್ಯರೂ ಆಡಬಾರದು, ನಾವೂ ಆಡಬಾರದು.

ಲೆಕ್ಕದ ಇನ್ನೊಂದು ತೊಡಕನ್ನೂ ಹೇಳಿಬಿಡುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ಪಿತ್ತಕೋಶದ ಕ್ಯಾನ್ಸರಿಗೆ ಸಿ 23, ಯಕೃತ್ತಿನ ಹೊರಗಿನ ನಾಳಕ್ಕೆ ಸಿ 24 ಎಂಬ ಸಂಕೇತಗಳಿವೆ. ಯಕೃತ್ತಿನೊಳಗಿನ ನಾಳದ ಕ್ಯಾನ್ಸರು ಮಾತ್ರ ಸಿ 22ರಲ್ಲಿ, ಯಕೃತ್ತಿನ ಕ್ಯಾನ್ಸರಿನ ಕೆಳಗೆ ಸೇರುತ್ತದೆ. ಒಂದೇ ಕುಟುಂಬದ ಮೂವರು ಮೂರು ಪಡಿತರ ಚೀಟಿಗಳಲ್ಲಿ ಹಂಚಿಹೋದಂತೆ. ಹೊರೆ ಇರುವುದಕ್ಕಿಂತ ಕಡಿಮೆಯಾಗಿ ಕಾಣಲು ಇದೂ ಒಂದು ಕಾರಣ.

ದಾರಿಯಲ್ಲಿ ಕಳೆದುಹೋಗುವ ತಿಂಗಳುಗಳು

ತಣಿಸಂದ್ರ ಮುಖ್ಯರಸ್ತೆಯ ಒಳಗಿನ ಅಡ್ಡರಸ್ತೆಯೊಂದರಲ್ಲಿ ವಾಸಿಸುವ, 55 ದಾಟಿದ ತಾಯಿಯೊಬ್ಬರನ್ನು ಕಲ್ಪಿಸಿಕೊಳ್ಳೋಣ. ಊಟವಾದ ಮೇಲೆ ಬಲ ಪಕ್ಕೆಲುಬಿನ ಕೆಳಗೆ ಭಾರ, ಕೆಲವೊಮ್ಮೆ ನೋವು ಬೆನ್ನಿಗೋ ಬಲ ಭುಜಕ್ಕೋ ಹಬ್ಬುತ್ತದೆ. ಮನೆಯಲ್ಲಿ ಅದಕ್ಕೆ ಹೆಸರು ‘ಗ್ಯಾಸ್ಟ್ರಿಕ್’. ನಮ್ಮ ಜನರ ಬಾಯಲ್ಲಿ ಎದೆಯಿಂದ ಹೊಕ್ಕುಳವರೆಗಿನ ಸಮಸ್ತ ತೊಂದರೆಗೂ ಇದೊಂದೇ ಹೆಸರು. ಮೆಡಿಕಲ್ ಸ್ಟೋರಿನ ಮಾತ್ರೆ ಮೂರು ತಿಂಗಳು ನಡೆಯುತ್ತದೆ. ಊಟ ಸೇರುವುದಿಲ್ಲ, ರವಿಕೆ ಸಡಿಲವಾಗುತ್ತದೆ. ಸೊಸೆ ‘ಅತ್ತೆಯವರು ಸ್ವಲ್ಪ ಇಳಿದಿದ್ದಾರೆ’ ಎನ್ನುತ್ತಾಳೆ. ಆಮೇಲೆ ಒಂದು ಬೆಳಿಗ್ಗೆ ಕಣ್ಣು ಹಳದಿ. ಈಗ ಹೆಸರು ಬದಲಾಗುತ್ತದೆ: ಕಾಮಾಲೆ. ಊರಿನಿಂದ ಬೇರು, ಸೊಪ್ಪು ಬರುತ್ತದೆ. ಎಣ್ಣೆ ಬಿಟ್ಟು, ಮಜ್ಜಿಗೆ ಅನ್ನದ ಪಥ್ಯ ಆರಂಭವಾಗುತ್ತದೆ. ಮೂರು ವಾರ ಕಳೆದರೂ ಹಳದಿ ಇಳಿಯದೆ, ರಾತ್ರಿಯಿಡೀ ಅಂಗೈ ಅಂಗಾಲು ತುರಿಸಿ ನಿದ್ರೆ ಹಾರಿದ ಮೇಲೆ ಸ್ಕ್ಯಾನಿಂಗ್ ಆಗುತ್ತದೆ. ಅಲ್ಲಿಂದ ಸಿ.ಟಿ., ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಚೀಟಿ, ನಗರವನ್ನು ಉತ್ತರದಿಂದ ದಕ್ಷಿಣಕ್ಕೆ ದಾಟಿ ಹೊಸೂರು ರಸ್ತೆಯ ಕಿದ್ವಾಯಿಗೋ ವಿಕ್ಟೋರಿಯಾ ಆವರಣದ ಉದರರೋಗ ಸಂಸ್ಥೆಗೋ ಪಯಣ. ಆ ಹೊತ್ತಿಗೆ ಶಸ್ತ್ರಚಿಕಿತ್ಸೆಯ ಕಾಲ ಮೀರಿರುವುದೇ ಹೆಚ್ಚು.

ಕಾಮಾಲೆ ರೋಗವಲ್ಲ, ಲಕ್ಷಣ. ಇದನ್ನು ಎಷ್ಟು ಸಲ ಬರೆದರೂ ಸಾಲದೆಂದು ನಮಗೆ ತೋರುತ್ತದೆ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ‘ಎ’ಯಲ್ಲಿ ಯಕೃತ್ತು ಊದಿ ಹಳದಿ ಬರುತ್ತದೆ, ವಿಶ್ರಾಂತಿ ಪಡೆದರೆ ಬಹುತೇಕ ತಾನಾಗಿಯೇ ಕೆಲವು ವಾರಗಳಲ್ಲಿ ಇಳಿಯುತ್ತದೆ. ಆ ವಾರಗಳಲ್ಲಿ ಕುಡಿದದ್ದು ಯಾವುದೇ ಆಗಿರಲಿ, ಕೀರ್ತಿ ಅದಕ್ಕೆ ಸಲ್ಲುತ್ತದೆ. ನೆಲನೆಲ್ಲಿಗೆ ಬಂದಿರುವ ಹೆಸರಿನಲ್ಲಿ ಒಂದು ಪಾಲು ಹೀಗೆ ಬಂದದ್ದು. ಶ್ರೀಮಠಗಳಿಗೆ ಬರುವ ಭಕ್ತರು ಕಾಮಾಲೆಯ ಔಷಧಿ ಎಲ್ಲಿ ಸಿಗುತ್ತದೆಂದು ವಿಚಾರಿಸುವುದುಂಟು. ಅವರಿಗೆ ನಮ್ಮ ಉತ್ತರ ಇಷ್ಟೇ: ಔಷಧಿಯ ವಿಚಾರ ಆಮೇಲೆ, ಹಳದಿ ಎಲ್ಲಿಂದ ಬಂತೆಂದು ಮೊದಲು ತಿಳಿಯಿರಿ. ನಾಳ ಮುಚ್ಚಿ ಬಂದ ಕಾಮಾಲೆಗೆ ಬೇರಾಗಲಿ ಸೊಪ್ಪಾಗಲಿ ದಾರಿ ಬಿಡಿಸಿಕೊಡಲಾರದು. ಮುಂಗೈಗೆ ಬರೆ ಹಾಕಿಸುವುದಂತೂ ಗಾಯವೊಂದನ್ನು ಹೆಚ್ಚಿಸುತ್ತದೆ, ಅಷ್ಟೇ.

ಮುಚ್ಚಿದ ನಾಳದ ಗುರುತುಗಳು ಮನೆಯಲ್ಲೇ ತಿಳಿಯುವಂಥವು. ಮಲಕ್ಕೆ ಬಣ್ಣ ಕೊಡುವುದು ಪಿತ್ತ. ಅದು ಕರುಳಿಗೆ ಇಳಿಯದಿದ್ದರೆ ಮಲ ಸುಣ್ಣದಂತೆ, ಬೂದುಮಣ್ಣಿನಂತೆ ಬಿಳಚುತ್ತದೆ. ಹೊರಬರಲಾಗದ ಬಣ್ಣ ರಕ್ತದ ಮೂಲಕ ಮೂತ್ರಕ್ಕಿಳಿದು ಅದು ಕಾಫಿ ಡಿಕಾಕ್ಷನ್ನಿನಂತಾಗುತ್ತದೆ. ಚರ್ಮದಲ್ಲಿ ತುರಿಕೆ. ಜ್ವರವಿರುವುದಿಲ್ಲ, ಎಷ್ಟೋ ವೇಳೆ ನೋವೂ ಇರುವುದಿಲ್ಲ. ನೋವಿಲ್ಲದ್ದರಿಂದಲೇ ಜನ ನಿಶ್ಚಿಂತರಾಗುತ್ತಾರೆ. 40 ದಾಟಿದವರಲ್ಲಿ ನೋವಿಲ್ಲದ ಕಾಮಾಲೆ ಕಂಡರೆ ನಿಶ್ಚಿಂತೆಗಲ್ಲ, ಒಂದು ವಾರದೊಳಗೆ ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗಿಗೆ ಕಾರಣವೆಂದು ತಿಳಿಯಬೇಕು. ಜೊತೆಗೆ ಬಿಲಿರುಬಿನ್ ರಕ್ತಪರೀಕ್ಷೆ. ನಾಳಗಳು ಹಿಗ್ಗಿವೆಯೇ, ಪಿತ್ತಕೋಶದ ಗೋಡೆ ದಪ್ಪವಾಗಿದೆಯೇ ಎಂಬುದನ್ನು ಅರ್ಧ ಗಂಟೆಯೊಳಗಿನ ಈ ಸಾಮಾನ್ಯ ಸ್ಕ್ಯಾನಿಂಗೇ ಹೇಳಿಬಿಡುತ್ತದೆ.

ಹಾಸಿಗೆಯ ಲೆಕ್ಕ

ಆಸ್ಪತ್ರೆಯ ಹೊರೆ ಎಂದರೆ ರೋಗಿಗಳ ತಲೆಯೆಣಿಕೆ ಮಾತ್ರವಲ್ಲ. ಒಬ್ಬ ರೋಗಿ ಎಷ್ಟು ಬಾರಿ ಮರಳಿ ಬರುತ್ತಾರೆಂಬುದು ಅದಕ್ಕಿಂತ ದೊಡ್ಡ ಲೆಕ್ಕ. ಮುಚ್ಚಿದ ನಾಳವನ್ನು ತೆರೆಯಲು ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಸ್ಟೆಂಟ್ ಎಂಬ ಕೊಳವೆಯನ್ನು ಕೂರಿಸುತ್ತಾರೆ. ಗಡ್ಡೆ ಮೇಲ್ಭಾಗದಲ್ಲಿದ್ದು ಆ ದಾರಿ ನಿಲುಕದಿದ್ದರೆ ಪಕ್ಕೆಲುಬುಗಳ ನಡುವಿನಿಂದ ಸೂಜಿ ಹಾಯಿಸಿ, ಪಿತ್ತವನ್ನು ಹೊರಗಿನ ಚೀಲಕ್ಕೆ ಹರಿಸುವುದುಂಟು. ಪ್ಲಾಸ್ಟಿಕ್ ಸ್ಟೆಂಟ್ ಸಾಮಾನ್ಯವಾಗಿ ಮೂರು ತಿಂಗಳ ಆಸುಪಾಸಿನಲ್ಲಿ ಕಟ್ಟಿಕೊಳ್ಳುತ್ತದೆ. ಲೋಹದ ಸ್ಟೆಂಟ್ ಹೆಚ್ಚು ಕಾಲ ಬಾಳುತ್ತದೆ, ಬೆಲೆಯೂ ಹೆಚ್ಚು. ಕಟ್ಟಿಕೊಂಡರೆ ನಿಂತ ಪಿತ್ತದಲ್ಲಿ ಸೋಂಕು ಬೆಳೆಯುತ್ತದೆ. ನಡುಕದೊಡನೆ ಜ್ವರ, ಬಲಹೊಟ್ಟೆಯ ನೋವು, ಮತ್ತೆ ಹಳದಿ: ಫ್ರಾನ್ಸಿನ ವೈದ್ಯ ಶಾರ್ಕೊ 1877ರಲ್ಲೇ ಗುರುತಿಸಿದ ಈ ಮೂರರ ಕೂಟ ಕಂಡರೆ ಬೆಳಗಾಗಲೆಂದು ಕಾಯುವಂತಿಲ್ಲ, ಅದು ತುರ್ತುಚಿಕಿತ್ಸೆಯ ವಿಷಯ. ನಂಜು ರಕ್ತಕ್ಕೇರಿದರೆ ಗಂಟೆಗಳ ಮಾತು.

ಹೀಗೆ ಒಂದೇ ರೋಗಕ್ಕೆ ಒಂದು ದಾಖಲಾತಿ ತನಿಖೆಗೆ, ಒಂದು ಸ್ಟೆಂಟಿಗೆ, ಮತ್ತೊಂದು ಅದು ಕಟ್ಟಿದ್ದಕ್ಕೆ, ಇನ್ನೊಂದು ಸೋಂಕಿಗೆ. ನಡುವೆ ಕೀಮೋಥೆರಪಿಯ ಸರದಿಗಳು. ಪಿತ್ತ ಕರುಳಿಗೆ ಇಳಿಯದಿದ್ದಾಗ ‘ಕೆ’ ವಿಟಮಿನ್ ಹೀರಲ್ಪಡುವುದಿಲ್ಲ, ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ. ಆದ್ದರಿಂದ ಯಾವ ವಿಧಾನಕ್ಕೂ ಮೊದಲು ಇಂಜೆಕ್ಷನ್ ಕೊಟ್ಟು ಒಂದೆರಡು ದಿನ ಕಾಯುವುದೂ ಉಂಟು. ಸ್ಟೆಂಟ್ ಹಾಕಿದ ದಿನಾಂಕ, ಅದರ ಬಗೆ, ಬದಲಿಸಬೇಕಾದ ತಿಂಗಳು ಈ ಮೂರನ್ನು ಒಂದು ಚೀಟಿಯಲ್ಲಿ ಬರೆಸಿ ಮನೆಯ ಕ್ಯಾಲೆಂಡರಿಗೆ ಅಂಟಿಸಿಟ್ಟರೆ ಒಂದು ತುರ್ತು ದಾಖಲಾತಿಯಾದರೂ ತಪ್ಪೀತು.

ಕಲ್ಲು ಸಿಕ್ಕಿತು, ಕೋಶವೆಲ್ಲಿ?

ಪಿತ್ತಕೋಶದ ಕ್ಯಾನ್ಸರ್ ಬಂದವರಲ್ಲಿ ಬಹುಪಾಲು ಜನರಿಗೆ ಕಲ್ಲೂ ಇರುತ್ತದೆ. ಇದನ್ನು ತಿರುವಿ ಓದಬಾರದು: ಕಲ್ಲಿದ್ದವರಲ್ಲಿ ಕ್ಯಾನ್ಸರ್ ಬರುವುದು ಅತಿ ಕೆಲವರಿಗೆ, ನೂರಕ್ಕೆ ಒಬ್ಬರಿಗೂ ಕಡಿಮೆ. ಆದ್ದರಿಂದ ಏನೂ ತೊಂದರೆ ಕೊಡದೆ, ಬೇರಾವುದಕ್ಕೋ ಮಾಡಿದ ಸ್ಕ್ಯಾನಿಂಗಿನಲ್ಲಿ ಸಿಕ್ಕಿದ ಸಣ್ಣ ಕಲ್ಲಿಗೆಲ್ಲ ಶಸ್ತ್ರಚಿಕಿತ್ಸೆ ಬೇಕೆಂಬ ವಾದವನ್ನು ನಾವು ಒಪ್ಪುವುದಿಲ್ಲ. ಗಂಗಾ ಬಯಲಿನ ಕೆಲವು ಶಸ್ತ್ರವೈದ್ಯರ ಮತ ಬೇರೆ, ಅವರ ನೆಲದ ಅಪಾಯವೂ ಬೇರೆ. ಆದರೆ ಕಲ್ಲು 3 ಸೆಂಟಿಮೀಟರಿಗಿಂತ ದೊಡ್ಡದಿದ್ದರೆ, ಗೋಡೆಯಲ್ಲಿ 10 ಮಿಲಿಮೀಟರ್ ಅಥವಾ ಹೆಚ್ಚಿನ ಪಾಲಿಪ್ ಇದ್ದರೆ, ಗೋಡೆಗೆ ಸುಣ್ಣಗಟ್ಟಿದ್ದರೆ, ನೋವು ಮರುಕಳಿಸುತ್ತಿದ್ದರೆ, ಮುಂದೂಡುವುದು ಜಾಣತನವಲ್ಲ.

ಬಾಳೆದಿಂಡಿನ ರಸದ ಮಾತನ್ನೂ ಇಲ್ಲೇ ಆಡಬೇಕು. ಮೂತ್ರಪಿಂಡದ ಸಣ್ಣ ಕಲ್ಲು ಮೂತ್ರದೊಡನೆ ಇಳಿದುಹೋಗುವುದುಂಟು, ಅದಕ್ಕೆ ದಾರಿಯಿದೆ. ಪಿತ್ತಕೋಶದ ಕಲ್ಲಿಗೆ ಮೂತ್ರದ ದಾರಿಯೇ ಇಲ್ಲ. ಎರಡೂ ‘ಕಲ್ಲು’ ಎಂದು ಒಂದೇ ಔಷಧಿ ಕುಡಿಯುವವರು ಬಹಳ. ಉಪವಾಸದ ಬಗೆಗೂ ಕೆಲವರಿಗೆ ಅಳುಕು. ತಿಂಗಳುಗಟ್ಟಲೆ ಅನ್ನಾಹಾರ ಬಿಟ್ಟು ವೇಗವಾಗಿ ತೂಕ ಇಳಿಸಿದರೆ ಪಿತ್ತ ಚೀಲದಲ್ಲೇ ನಿಂತು ಕಲ್ಲಾಗುವ ಸಂಭವ ಹೆಚ್ಚು. ಶಿವರಾತ್ರಿಯ ಒಂದು ದಿನದ ಉಪವಾಸಕ್ಕೆ ಹೆದರಬೇಕಾಗಿಲ್ಲ.

ಈಗ ಈ ಲೇಖನದ ಮುಖ್ಯ ಮಾತಿಗೆ ಬರುತ್ತೇವೆ. ಪಿತ್ತಕೋಶವನ್ನು ತೆಗೆಯುವ ಲ್ಯಾಪ್ರೊಸ್ಕೋಪಿ ಶಸ್ತ್ರಚಿಕಿತ್ಸೆ ಇಂದು ಬಡಾವಣೆಯ ಸಾಧಾರಣ ನರ್ಸಿಂಗ್ ಹೋಮಿನಲ್ಲೂ ನಡೆಯುತ್ತದೆ. ಮುಗಿದ ಮೇಲೆ ಕಲ್ಲುಗಳನ್ನು ಪುಟ್ಟ ಸೀಸೆಯಲ್ಲಿ ಹಾಕಿ ಮನೆಯವರ ಕೈಗಿಡುತ್ತಾರೆ. ಬಂದವರಿಗೆಲ್ಲ ಅದನ್ನು ತೋರಿಸುವುದೂ ಒಂದು ಸಂಭ್ರಮ. ಕೋಶ ಎಲ್ಲಿ ಹೋಯಿತೆಂದು ಕೇಳುವವರು ಅಪರೂಪ. ಕಲ್ಲಿಗೆಂದು ತೆಗೆದ ನೂರಾರು ಕೋಶಗಳಲ್ಲಿ ಒಂದೆರಡರಲ್ಲಿ, ಕಣ್ಣಿಗೆ ಕಾಣದ ಮೊದಲ ಹಂತದ ಕ್ಯಾನ್ಸರ್ ಅಡಗಿರುವುದುಂಟು. ಸೂಕ್ಷ್ಮದರ್ಶಕದ ಕೆಳಗೆ ಮಾತ್ರ ಅದು ಸಿಗುತ್ತದೆ. ಅದು ಒಳಪದರದಲ್ಲಷ್ಟೇ ಇದ್ದರೆ ಮಾಡಿದ ಶಸ್ತ್ರಚಿಕಿತ್ಸೆಯೇ ಸಾಕು. ಹಾಗೆ ಸಿಕ್ಕವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನ ಐದು ವರ್ಷ ದಾಟುತ್ತಾರೆ. ಸ್ನಾಯುಪದರಕ್ಕೆ ಇಳಿದಿದ್ದರೆ ಯಕೃತ್ತಿನ ಅಂಚನ್ನೂ ಸುತ್ತಲ ದುಗ್ಧಗ್ರಂಥಿಗಳನ್ನೂ ತೆಗೆಯುವ ಎರಡನೆಯ ಶಸ್ತ್ರಚಿಕಿತ್ಸೆ ಬೇಕು. ಆಗಲೂ ಗುಣವಾಗುವ ಆಸೆಯಿದೆ. ಕೋಶವನ್ನು ಪರೀಕ್ಷಿಸದೆ ಎಸೆದಿದ್ದರೆ? ವರ್ಷ ಒಂದೂವರೆ ವರ್ಷದ ಬಳಿಕ ಅದೇ ರೋಗಿ ಹೊಟ್ಟೆಯೊಳಗೆಲ್ಲ ಹಬ್ಬಿದ ಕ್ಯಾನ್ಸರಿನೊಡನೆ ಮರಳಬಹುದು. ‘ಪಿತ್ತಕೋಶವನ್ನೇ ತೆಗೆಸಿದ್ದೇವಲ್ಲ’ ಎಂದು ಮನೆಯವರು ನಂಬಲಾರದೆ ನಿಲ್ಲುತ್ತಾರೆ.

ಇಡೀ ಶಸ್ತ್ರಚಿಕಿತ್ಸೆಯ ಖರ್ಚಿನ ಮುಂದೆ ಈ ಪರೀಕ್ಷೆಯ ಶುಲ್ಕ ಅತ್ಯಲ್ಪ. ಅದಕ್ಕೆ ‘ಹಿಸ್ಟೋಪೆಥಾಲಜಿ’ ಎನ್ನುತ್ತಾರೆ. ಹೆಸರು ನಾಲಿಗೆಗೆ ಬಾರದಿದ್ದರೆ ‘ಕೋಶವನ್ನು ಬಯಾಪ್ಸಿಗೆ ಕಳಿಸಿದ್ದೀರಾ?’ ಎಂದರೂ ಸಾಕು. ಬಿಡುಗಡೆಯ ದಿನ ವರದಿ ಬಂದಿರುವುದಿಲ್ಲ. ಹೊಲಿಗೆ ಬಿಚ್ಚಲು ಹೋದಾಗ ಕೇಳಿ ಪಡೆಯಬೇಕು, ವೈದ್ಯರು ಅದನ್ನು ಓದಿದ್ದಾರೆಂದು ಖಚಿತಪಡಿಸಿಕೊಳ್ಳಬೇಕು. ಓದದೆ ಫೈಲಿನಲ್ಲಿ ಉಳಿದ ವರದಿ, ಕಳಿಸದ ಕೋಶಕ್ಕಿಂತ ಹೆಚ್ಚೇನಲ್ಲ. ಇದರ ಹಿಂದಿನ ಹೆಜ್ಜೆಯೂ ಒಂದಿದೆ. ಸ್ಕ್ಯಾನಿಂಗಿನಲ್ಲಿ ಗೋಡೆ ಒಂದು ಕಡೆ ದಪ್ಪವಾಗಿ ಕಂಡಿದ್ದರೆ ಅವಸರದ ಲ್ಯಾಪ್ರೊಸ್ಕೋಪಿಗೆ ಒಪ್ಪದೆ ಮೊದಲು ಸಿ.ಟಿ. ಮಾಡಿಸಬೇಕು. ಕ್ಯಾನ್ಸರಿರುವ ಕೋಶ ಶಸ್ತ್ರಚಿಕಿತ್ಸೆಯ ನಡುವೆ ಹರಿದು ಪಿತ್ತ ಚೆಲ್ಲಿದರೆ, ರೋಗಾಣುಕೋಶಗಳನ್ನು ನಾವೇ ಹೊಟ್ಟೆಯೊಳಗೆ ಬಿತ್ತಿದಂತಾಗುತ್ತದೆ.

ಕಾಲ ಮೀರಿದಾಗ

ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದಾಗಲೂ ಚಿಕಿತ್ಸೆ ವ್ಯರ್ಥವಲ್ಲ, ಆದರೆ ಅದರ ಮಿತಿಯನ್ನು ಮುಚ್ಚಿಡಬಾರದು. ದೆಹಲಿಯ ಏಮ್ಸ್ ವೈದ್ಯರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಗೆ ಮೀರಿದ ಪಿತ್ತಕೋಶದ ಕ್ಯಾನ್ಸರಿನಲ್ಲಿ ಉಪಶಮನ ಚಿಕಿತ್ಸೆಯನ್ನಷ್ಟೇ ಪಡೆದವರ ಬದುಕಿನ ಮಧ್ಯಾಂಕ 4.5 ತಿಂಗಳು; ಜೆಮ್‌ಸಿಟಬಿನ್, ಆಕ್ಸಾಲಿಪ್ಲಾಟಿನ್ ಎಂಬ ಎರಡು ಔಷಧಿಗಳ ಕೀಮೋಥೆರಪಿ ಪಡೆದವರದು 9.5 ತಿಂಗಳು. ಐದು ತಿಂಗಳು ಕಡಿಮೆಯೇ ಎಂದು ಕೇಳಿದರೆ, ಮಗಳ ಮದುವೆ ನಿಶ್ಚಯವಾಗಿರುವ ಮನೆಗೆ ಅದು ಕಡಿಮೆಯಲ್ಲ. ಆದರೆ ಹೊಲ ಮಾರಿ ದುಬಾರಿ ಔಷಧಿಗೆ ಸುರಿಯುವ ಮುನ್ನ ‘ಇದರಿಂದ ಎಷ್ಟು ಕಾಲ, ಎಂಥ ಕಾಲ ಸಿಗುತ್ತದೆ’ ಎಂದು ನೇರವಾಗಿ ಕೇಳುವ ಹಕ್ಕು ಮನೆಯವರಿಗಿದೆ, ರೋಗಿಗೆ ಅದಕ್ಕಿಂತ ಹೆಚ್ಚಾಗಿ ಇದೆ.

ಖರ್ಚಿನ ವಿಷಯದಲ್ಲಿ, 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವವರು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಪಡೆಯಬೇಕಾಗುತ್ತದೆ. ಇದು ತಿಳಿಯದೆ ಮೊದಲೇ ಹಣ ಕಟ್ಟಿ ಅನಂತರ ಪರದಾಡುವವರಿದ್ದಾರೆ. ಬಿಹಾರ, ಅಸ್ಸಾಮುಗಳಿಂದ ಬಂದ ಕಾರ್ಮಿಕರ ಆಯುಷ್ಮಾನ್ ಕಾರ್ಡು ಯೋಜನೆಗೆ ಸೇರಿದ ಇಲ್ಲಿನ ಆಸ್ಪತ್ರೆಗಳಲ್ಲೂ ಸಲ್ಲುತ್ತದೆ. ನಿಮ್ಮ ಕಟ್ಟಡದ ಕಾವಲುಗಾರನಿಗೋ ಮನೆಗೆಲಸದಾಕೆಗೋ ಇದನ್ನು ತಿಳಿಸಿ. ಕಾರ್ಡು ಊರಿನ ಪೆಟ್ಟಿಗೆಯಲ್ಲಿದ್ದರೆ ತರಿಸಿಕೊಳ್ಳಲು ಹೇಳಿ.

ಕೊನೆಯ ಹಂತದ ನೋವಿಗೆ ಮಾರ್ಫಿನ್ ಇದೆ. ಅದು ಚಟ ಹಿಡಿಸುತ್ತದೆಂಬ ಭಯದಿಂದ ರೋಗಿಯನ್ನು ನರಳಿಸುವುದು ಸರಿಯಲ್ಲ. ವೈದ್ಯರ ಲೆಕ್ಕದಂತೆ ಕೊಟ್ಟ ಮಾರ್ಫಿನ್ ಸುರಕ್ಷಿತ. ಮಲಬದ್ಧತೆಗೆ ಜೊತೆಯಲ್ಲೇ ಔಷಧಿ ಬೇಕು, ಅಷ್ಟೇ. ನಮ್ಮ ನಗರದ ಮಾರತ್ತಹಳ್ಳಿಯ ಬಳಿಯಿರುವ ಕರುಣಾಶ್ರಯವು, 1994ರಲ್ಲಿ ಸ್ಥಾಪಿತವಾದ ಬೆಂಗಳೂರು ಹಾಸ್ಪಿಸ್ ಟ್ರಸ್ಟಿನ ಆಶ್ರಯದಲ್ಲಿ, ಕ್ಯಾನ್ಸರಿನ ಕೊನೆಯ ಹಂತದವರಿಗೆ ಶುಲ್ಕವಿಲ್ಲದೆ ಶುಶ್ರೂಷೆ ನೀಡುತ್ತಿದೆ. ಮನೆಗೇ ಬಂದು ನೋಡಿಕೊಳ್ಳುವ ತಂಡವೂ ಅಲ್ಲಿದೆ. ಸ್ಟೆಂಟಿನ ಚೀಟಿ, ಬಯಾಪ್ಸಿ ವರದಿ, ಕೊನೆಯ ಸಿ.ಟಿ. ಮತ್ತು ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ ಒಂದೇ ಫೈಲಿನಲ್ಲಿದ್ದರೆ ಬಂದವರಿಗೆ ಮೊದಲ ದಿನವೇ ನೋವಿನ ಔಷಧಿಯ ಪ್ರಮಾಣವನ್ನು ನಿಶ್ಚಯಿಸಲು ಸುಲಭವಾಗುತ್ತದೆ.